ನಲವತ್ತು ಚೀಲಕ್ಕೆ ಒಂದು ಚೀಲ ವಾಪಸ್ಸು

ಖರ್ಚು ಮಾಡಿದರೆ ದುಡ್ಡು ಹೋಗುತ್ತದೆ ಎಂದು ಕ್ವಾ ಬುನ್‌ತೆಕ್ ಐವತ್ತಮೂರು ವರ್ಷ ನಂಬಿಕೊಂಡು ಬಂದಿದ್ದ. ಖರ್ಚು ಮಾಡಿದರೆ ದುಡ್ಡು ಬರುತ್ತದೆ ಎಂದು ಅವನ ಕಣ್ಣು ತೆರೆಸಿದವಳು ಬ್ಯಾಂಕಿನ ಮಿಸ್ ತೂ. ಕಪ್ಪು ಕೋಟು, ಕಪ್ಪು ಕನ್ನಡಕ, ಕೊರಳಲ್ಲಿ ಗುರುತಿನ ಚೀಟಿ. ಇಷ್ಟು ಚೆನ್ನಾಗಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡವರು ಸುಳ್ಳು ಹೇಳುವುದಿಲ್ಲ ಎಂಬುದು ಬುನ್‌ತೆಕ್‌ನ ಇನ್ನೊಂದು ನಂಬಿಕೆ.

"ಇದು ಸಣ್ಣ ವ್ಯಾಪಾರಿಗಳಿಗೆ ಅಂತಾನೇ ಮಾಡಿರೋ ಕ್ರೆಡಿಟ್ ಕಾರ್ಡ್ ಸರ್," ಎಂದಳು ಅವಳು. "ಅಂಗಡಿಗೆ ಅಂತ ಏನೇ ಕೊಳ್ಳಿ, ನೂರಕ್ಕೆ ಮೂರು ವಾಪಸ್. ತಿಂಗಳಿಗೆ ಮೂವತ್ತು ಸಾವಿರ ಯುವಾನ್ ಖರ್ಚಾದ್ರೆ ವರ್ಷದ ಫೀಸೂ ಮಾಫಿ. ಒಂದು ತಿಂಗಳು ಬಳಸಿ, ಅಳೆದು ತೂಗಿ ನೋಡಿ. ಚೆನ್ನಾಗಿದೆ ಅನ್ನಿಸಿದ್ರೆ ಬೀದಿಯವರಿಗೂ ಒಂದು ಮಾತು ಹೇಳಿ. ನಿಮ್ಮಂಥ ಹಿರಿಯರ ಮಾತಿಗೆ ತೂಕ ಇರತ್ತಲ್ವಾ?"

ಕೊನೆಯ ಮಾತೊಂದು ಸಾಕಾಯಿತು. ಬುನ್‌ತೆಕ್‌ನನ್ನು ಹಿರಿಯ ಎಂದು ಅಲ್ಲಿಯವರೆಗೆ ಕರೆದಿದ್ದವರು ಆಸ್ಪತ್ರೆಯ ನರ್ಸುಗಳು ಮಾತ್ರ.

ಅವನ ಅಂಗಡಿ ಇದ್ದದ್ದು ತೈವಾನಿನ ಚಿಯಾಯಿ ಊರಿನಲ್ಲಿ, ಪೂರ್ವ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ. ಊಟ ಕಟ್ಟಿಕೊಡುವ ಕಾಗದದ ಡಬ್ಬಿ, ಸಾರಿನ ಬಟ್ಟಲು, ಪ್ಲಾಸ್ಟಿಕ್ ಚೀಲ, ಊಟದ ಕಡ್ಡಿ, ಇಷ್ಟೇ ಅವನ ವ್ಯಾಪಾರ. ಬೀದಿಯಲ್ಲಿ ನಲವತ್ತು ಅಂಗಡಿ, ಹೆಚ್ಚುಕಡಿಮೆ ಎಲ್ಲವೂ ತಿನ್ನುವ ಪದಾರ್ಥದವು, ಎಲ್ಲರಿಗೂ ಡಬ್ಬಿ ಬುನ್‌ತೆಕ್‌ನದೇ. ಹೊಸ ವರ್ಷದ ಹಬ್ಬಕ್ಕೆ ಎರಡು ತಿಂಗಳಿದ್ದಾಗ ಅವನು ಎಂದಿನಂತೆ ಮಾಳಿಗೆಯ ಸೂರು ಮುಟ್ಟುವಷ್ಟು ಸರಕು ತರಿಸಿಟ್ಟಿದ್ದ.

ಹೆಂಡತಿ ಲೀಹುವಾ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅಂಗಡಿಯ ಲೆಕ್ಕವೆಲ್ಲ ಅವಳದು. ಬುನ್‌ತೆಕ್‌ನ ಕೈಯಲ್ಲಿ ಲೆಕ್ಕ ಮಾಡಿಸಿದರೆ ಎರಡು ಮತ್ತು ಎರಡು ಸೇರಿ ಆ ದಿನದ ಹವಾಮಾನಕ್ಕೆ ತಕ್ಕಂತೆ ಬರುತ್ತಿತ್ತು.

"ಬ್ಯಾಂಕಿನೋರು ಯಾಕಯ್ಯಾ ನಿಂಗೆ ದುಡ್ಡು ಕೊಡ್ತಾರೆ? ಅವರೇನು ನಿನ್ನ ಸೋದರಮಾವನಾ?"

"ನಿಂಗೆ ಗೊತ್ತಾಗಲ್ಲ ಸುಮ್ನಿರು. ನನ್ನನ್ನ ಪರೀಕ್ಷೆ ಮಾಡೋಕೆ ನೇಮಿಸಿದ್ದಾರೆ. ಈ ಬೀದಿಗೆ ಈ ಕಾರ್ಡು ಯೋಗ್ಯವೋ ಅಲ್ಲವೋ ಅಂತ ತೀರ್ಮಾನ ಹೇಳೋನು ನಾನು."

"ಹಾಗಾದ್ರೆ ತೀರ್ಮಾನ ಆಗೋತನಕ ಯಾರ ಹತ್ರಾನೂ ಬಾಯಿ ಬಿಡಬೇಡ. ಹೋದ ವರ್ಷ ಹಾಲಿನ ಪುಡಿ ಏಜೆನ್ಸಿ ಅಂತ ಬೀದಿಗೆಲ್ಲ ಸಾರಿ ಮರ್ಯಾದೆ ಕಳಕೊಂಡಿದ್ದು ಸಾಕು."

ಹೆಂಡತಿ ಹೇಳಿದ ಮಾತನ್ನು ಬುನ್‌ತೆಕ್ ಜೀವಮಾನದಲ್ಲಿ ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ಸಲ. ಕೆಟ್ಟದ್ದೂ ಅದರಿಂದಲೇ.

ಅವನ ತರ್ಕ ಹೀಗಿತ್ತು. ಕಾರ್ಡಿನಿಂದ ಎಷ್ಟು ಲಾಭ ಎಂದು ತಿಳಿಯಬೇಕಾದರೆ ತಾನು ಎಷ್ಟು ಡಬ್ಬಿ ಕೊಳ್ಳುತ್ತೇನೆ ಎಂದು ತಿಳಿಯಬೇಕು. ತಾನು ಎಷ್ಟು ಕೊಳ್ಳುತ್ತೇನೆ ಎಂದು ತಿಳಿಯಬೇಕಾದರೆ ಬೀದಿಯವರು ಎಷ್ಟು ಊಟ ಮಾರುತ್ತಾರೆ ಎಂದು ತಿಳಿಯಬೇಕು. ಆದ್ದರಿಂದ ಅಂಗಡಿ ಅಂಗಡಿಗೂ ಹೋಗಿ ಕೇಳಬೇಕು. ಈ ತರ್ಕದಲ್ಲಿ ತಪ್ಪು ಹುಡುಕುವುದು ಕಷ್ಟ, ಅದನ್ನು ಜಾರಿಗೆ ತರುವುದು ಅದಕ್ಕಿಂತ ಅಪಾಯ.

ಏಕೆಂದರೆ ಆ ಬೀದಿಯ ನಲವತ್ತು ಅಂಗಡಿಗಳೂ ತೆರಿಗೆ ಆಫೀಸಿನ ಕಡತದಲ್ಲಿ "ಸಣ್ಣ ಅಂಗಡಿ"ಗಳು. ಸಣ್ಣ ಅಂಗಡಿಯವರು ರಸೀದಿ ಹರಿಯಬೇಕಿಲ್ಲ, ಆಫೀಸಿನವರು ಗೊತ್ತುಮಾಡಿದ ಚೂರುಪಾರು ತೆರಿಗೆ ಕಟ್ಟಿದರೆ ಮುಗಿಯಿತು. ತೈಪೆಯಿಂದ ಜನ ರೈಲು ಹತ್ತಿ ಬಂದು ಸಾಲು ನಿಂತು ತಿಂದು ಹೋಗುವ ಅಂಗಡಿಯೂ ಕಡತದಲ್ಲಿ ಸಣ್ಣದೇ. ಆಫೀಸಿನವರು ಗಿರಾಕಿಯ ವೇಷದಲ್ಲಿ ಬಂದು ಮೂಲೆಯಲ್ಲಿ ಕುಳಿತು ಖಾಲಿ ಬಟ್ಟಲು ಎಣಿಸುತ್ತಾರೆ ಎಂಬ ಭಯ ಬೀದಿಯ ಬೆಕ್ಕುಗಳಿಗೂ ಇತ್ತು. ಬಟ್ಟಲು ಎಣಿಸುವವನಿಂದಲಾದರೂ ತಪ್ಪಿಸಿಕೊಳ್ಳಬಹುದು. ಡಬ್ಬಿ ಮಾರುವವನಿಂದ ಹೇಗೆ ತಪ್ಪಿಸಿಕೊಳ್ಳುವುದು? ಯಾರು ದಿನಕ್ಕೆಷ್ಟು ಊಟ ಮಾರುತ್ತಾರೆ ಎಂಬುದು ಆ ದೇವರಿಗೂ ಬುನ್‌ತೆಕ್‌ನಿಗೂ ಬಿಟ್ಟರೆ ಬೇರೆಯವರಿಗೆ ಗೊತ್ತಿರಲಿಲ್ಲ. ಬುನ್‌ತೆಕ್‌ನಿಗಂತೂ ತನಗೆ ಗೊತ್ತಿದೆ ಎಂಬುದೇ ಗೊತ್ತಿರಲಿಲ್ಲ.

ಅವನು ಮೊದಲು ಹೋದದ್ದು ಹಣ್ಣಿನ ಕಿಮ್‌ಚೂ ಬಳಿಗೆ. ಗಟ್ಟಿಗಿತ್ತಿ ವಿಧವೆ, ಸೀಬೆಹಣ್ಣು ಹೆಚ್ಚಿ ಉಪ್ಪುಪುಡಿ ಉದುರಿಸಿ ಡಬ್ಬಿಯಲ್ಲಿ ಹಾಕಿಕೊಡುವುದರಲ್ಲಿ ಎತ್ತಿದ ಕೈ. ಬುನ್‌ತೆಕ್ ಕೊರಳಿಗೆ ಕ್ಯಾಲ್ಕುಲೇಟರ್ ನೇತುಹಾಕಿಕೊಂಡಿದ್ದ. ಒತ್ತಿದ ಅಂಕಿಯನ್ನೆಲ್ಲ ಹೆಣ್ಣು ದನಿಯಲ್ಲಿ ಗಟ್ಟಿಯಾಗಿ ಕೂಗಿ ಹೇಳುವ ಜಾತಿಯದು.

"ತಂಗಿ, ದಿನಕ್ಕೆ ಎಷ್ಟು ಡಬ್ಬಿ ಹಣ್ಣು ಹೋಗತ್ತೆ?"

"ಯಾಕಣ್ಣಾ?"

"ಯಾಕೆ ಅಂತ ಈಗ ಹೇಳೋ ಹಾಗಿಲ್ಲ. ಮೇಲಿನೋರ ಜೊತೆ ಮಾತಾಗಿದೆ. ಸಂಘದ ವರ್ಷದ ಕೊನೇ ಊಟದ ದಿನ ಎಲ್ಲಾ ಹೊರಗೆ ಬರತ್ತೆ."

ಕಿಮ್‌ಚೂ ಕೈಯಲ್ಲಿದ್ದ ಚಾಕು ಅರ್ಧ ಸೀಬೆಯಲ್ಲೇ ನಿಂತಿತು. ಹಿಂದಿನ ದಿನ ಕಪ್ಪು ಕೋಟಿನ ಹೆಂಗಸೊಬ್ಬಳು ಬುನ್‌ತೆಕ್‌ನ ಅಂಗಡಿಯಲ್ಲಿ ಪಿಸಪಿಸ ಮಾತಾಡಿದ್ದನ್ನು ಅವಳು ನೋಡಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಮನುಷ್ಯ ಸ್ವಭಾವ.

"ಎಲ್ಲಿ ಡಬ್ಬಿ ಅಣ್ಣಾ! ಮೂರೋ ನಾಲ್ಕೋ. ಮಿಕ್ಕಿದ್ದು ನಾನೇ ತಿಂತೀನಿ."

"ಮೂರು," ಎಂದು ಕ್ಯಾಲ್ಕುಲೇಟರ್ ಬೀದಿಗೆಲ್ಲ ಸಾರಿತು.

ಬುನ್‌ತೆಕ್ ಮುಂದಿನ ಅಂಗಡಿ ತಲುಪುವುದರೊಳಗೆ ಸುದ್ದಿ ಅದರ ಮುಂದಿನ ಅಂಗಡಿ ತಲುಪಿತ್ತು. ಬಾತುಕೋಳಿ ನೂಡಲ್ಸಿನವನು ದಿನಕ್ಕೆ ಎರಡು ಬಟ್ಟಲು ಎಂದ, ಅದರಲ್ಲಿ ಒಂದು ತನ್ನ ಅತ್ತೆಗೆ. ಸೋಯಾ ಹಾಲಿನವಳು ತಾನು ಅಂಗಡಿ ತೆರೆಯುವುದು ವ್ಯಾಪಾರಕ್ಕಲ್ಲ, ಮನೆಯಲ್ಲಿ ಬೇಸರ ಅಂತ ಎಂದಳು. ಬೀದಿಯ ವ್ಯಾಪಾರಿಗಳ ಸಂಘದ ಅಧ್ಯಕ್ಷ, ಮೀನಿನ ತಲೆಯ ಸಾರಿಗೆ ಹೆಸರಾದ ಹೌ ದೊಡ್ಡಪ್ಪ, ಎಪ್ಪತ್ತರ ಮುದುಕ, ತನ್ನ ಅಂಗಡಿಯ ಮುಂದೆ ನಿಂತ ಉದ್ದನೆಯ ಸಾಲನ್ನು ಕೈಯಲ್ಲಿ ತೋರಿಸಿ, "ಇವರೆಲ್ಲ ದಾರಿ ಕೇಳೋಕೆ ಬಂದೋರು," ಎಂದುಬಿಟ್ಟ.

ಬುನ್‌ತೆಕ್ ಎಲ್ಲವನ್ನೂ ನಂಬಿದ. ನಂಬುವುದರಲ್ಲಿ ಅವನಿಗೆ ಸಮನಾದವರು ಜಿಲ್ಲೆಯಲ್ಲಿ ಇರಲಿಲ್ಲ.

ಕೊನೆಗೆ ಉಳಿದದ್ದು ತ್ಯಾಮ್‌ಹೊಕ್‌ನ ಅಂಗಡಿ. ಬಿಸಿ ಅನ್ನದ ಮೇಲೆ ಟರ್ಕಿ ಕೋಳಿಯ ಮಾಂಸ ಸಿಗಿದು ಹಾಕಿ ಎಣ್ಣೆ ಸುರಿದು ಕೊಡುವುದು ಅವನ ಕಸುಬು. ಇಬ್ಬರೂ ಒಂದೇ ಬೆಂಚಿನ ಗೆಳೆಯರು. ಮೂವತ್ತು ವರ್ಷದಿಂದ ಬುನ್‌ತೆಕ್‌ನ ಮಧ್ಯಾಹ್ನದ ಊಟ ಅಲ್ಲೇ, ಊಟವಾದ ಮೇಲೆ ಒಂದಾಟ ಚದುರಂಗ, ಆಟದಲ್ಲಿ ಬುನ್‌ತೆಕ್ ಸೋಲುವುದು, ತ್ಯಾಮ್‌ಹೊಕ್ ಬಯ್ಯುವುದು. ಆ ದಿನ ಬುನ್‌ತೆಕ್ ಉಂಡು ಕೈತೊಳೆದು, ಹೊಸ ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದ.

"ಇದು ತಗೋತೀಯೇನೋ?"

ತ್ಯಾಮ್‌ಹೊಕ್ ಹಾವು ಕಂಡವನಂತೆ ಹಿಂದಕ್ಕೆ ಸರಿದ. ಕಾರ್ಡು ಉಜ್ಜುವ ಯಂತ್ರವೆಂದರೆ ತೆರಿಗೆ ಆಫೀಸಿಗೆ ನೇರವಾಗಿ ಎಳೆದ ತಂತಿ ಎಂದು ಬೀದಿಯ ನಂಬಿಕೆ.

"ಬೇಡ ಬೇಡ. ದುಡ್ಡೇ ಬೇಡ. ನಿಮ್ಮ ಹತ್ರ ಎಲ್ಲಾದ್ರೂ ದುಡ್ಡು ತಗೊಳ್ಳೋದುಂಟಾ?"

ಬುನ್‌ತೆಕ್ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. "ನಿಮ್ಮ" ಅಂದದ್ದು ತನಗೇ.

"ಏನೋ ಇದು, ನೀವು ತಾವು ಅಂತೀಯಾ?"

"ಹಾಗೇನಿಲ್ಲ. ಬನ್ನಿ, ಆಟ ಆಡೋಣ."

ಆ ದಿನ ತ್ಯಾಮ್‌ಹೊಕ್ ಎಂಟೇ ನಡೆಯಲ್ಲಿ ಸೋತ. ಬೇಕೆಂದೇ ಸೋತ. ಗೆದ್ದ ಬುನ್‌ತೆಕ್ ಕಾಯಿಗಳನ್ನು ಒಂದೊಂದಾಗಿ ಡಬ್ಬಿಗೆ ತುಂಬಿ ಎದ್ದು ಬಂದ. ಬಡತನ ಮನುಷ್ಯನ ಬುದ್ಧಿಯನ್ನೂ ತಿನ್ನುತ್ತದೆ, ಪಾಪ, ಎಂದುಕೊಂಡ.

ಅಲ್ಲಿಂದ ಮುಂದೆ ನಡೆದದ್ದನ್ನು ಅರ್ಥಶಾಸ್ತ್ರ ಬಲ್ಲವರು ಬೇಕಾದರೆ ವಿವರಿಸಲಿ. ಬುನ್‌ತೆಕ್ ಖರ್ಚು ಮಾಡಲು ಮನೆಯಿಂದ ಹೊರಟರೆ ಬೀದಿಯಲ್ಲಿ ಯಾರೂ ಅವನಿಂದ ಒಂದು ಯುವಾನನ್ನೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ಸೀಬೆಹಣ್ಣಿನ ಬುಟ್ಟಿ. ಮಧ್ಯಾಹ್ನ ಇಡೀ ಬಾತುಕೋಳಿ. ಸಂಜೆ ಹೌ ದೊಡ್ಡಪ್ಪನ ಕಡೆಯಿಂದ ಪಾತ್ರೆ ತುಂಬ ಮೀನಿನ ತಲೆ, ಅದೂ ದೊಡ್ಡ ಮೀನಿನದು. "ಅಯ್ಯೋ, ತಾವು ತಿನ್ನದೆ ನಂಗೆ ಕಳಿಸ್ತಾರೆ!" ಎಂದು ಬುನ್‌ತೆಕ್ ತಿನ್ನುತ್ತ ಕಣ್ಣೊರೆಸಿಕೊಳ್ಳುತ್ತಿದ್ದ.

ಇತ್ತ ಡಬ್ಬಿ ಕೊಳ್ಳುವವರೂ ಇಲ್ಲವಾದರು. ಡಬ್ಬಿ ಕೊಂಡರೆ ಲೆಕ್ಕ ಸಿಕ್ಕಿತು ಎಂದೇ ಅರ್ಥವಲ್ಲವೇ? ಕಿಮ್‌ಚೂ ಹಣ್ಣನ್ನು ಹಳೆಯ ಪತ್ರಿಕೆಯಲ್ಲಿ ಸುತ್ತತೊಡಗಿದಳು. ನೂಡಲ್ಸಿನವನು, "ಪರಿಸರ ಉಳಿಸಿ, ಮನೆಯಿಂದ ಪಾತ್ರೆ ತನ್ನಿ," ಎಂದು ಫಲಕ ಹಾಕಿದ. ತ್ಯಾಮ್‌ಹೊಕ್ ರಾತ್ರಿ ಬಸ್ಸಿನಲ್ಲಿ ಪಕ್ಕದ ಊರಿಗೆ ಹೋಗಿ ಹೆಚ್ಚು ಬೆಲೆ ಕೊಟ್ಟು ಡಬ್ಬಿ ತಂದು ಹಾಸಿಗೆಯ ಕೆಳಗೆ ಬಚ್ಚಿಟ್ಟ. ಮೂರು ವಾರದಲ್ಲಿ ಬುನ್‌ತೆಕ್‌ನ ಅಂಗಡಿಯಿಂದ ಹೋದದ್ದು ಒಂದು ಕಟ್ಟು ಊಟದ ಕಡ್ಡಿ, ಅದನ್ನು ಕೊಂಡವನು ದಾರಿತಪ್ಪಿ ಬಂದ ಪ್ರವಾಸಿ.

ಲೀಹುವಾ ಸೂರು ಮುಟ್ಟಿದ ಡಬ್ಬಿಗಳನ್ನು ನೋಡಿ ಗಂಡನನ್ನು ನೋಡಿದಳು.

"ನೋಡಯ್ಯಾ, ಹಬ್ಬದೊಳಗೆ ಈ ಸರಕು ಹೋಗಲಿಲ್ಲ ಅಂದ್ರೆ ಬಾಗಿಲು ಹಾಕೋಣ. ನನ್ನ ತಮ್ಮನ ಬಾತುಕೋಳಿ ಫಾರಂನಲ್ಲಿ ಕೆಲಸ ಇದೆಯಂತೆ. ಬಾತುಗಳ ಕೆಳಗೆ ಗುಡಿಸೋದು."

"ಜನ ಉಣ್ಣೋಕೇ ಗತಿ ಇಲ್ಲ, ಡಬ್ಬಿ ಎಲ್ಲಿಂದ ಕೊಳ್ತಾರೆ? ಇಡೀ ಬೀದಿ ದಿನಕ್ಕೆ ತೊಂಬತ್ತು ಊಟ ಮಾರ್ತಿದೆ ಕಣೇ! ನಾನು ಕೂಡಿಸಿ ನೋಡಿದೀನಿ!"

"ನೀನು ಕೂಡಿಸಿದ್ರೆ ಮುಗೀತು," ಎಂದು ಲೀಹುವಾ ಒಳಗೆ ಹೋದಳು.

ಅಷ್ಟರಲ್ಲಿ ಮಿಸ್ ತೂ ಫೋನು ಬಂತು. "ಸರ್, ನೀವು ಇನ್ನೂ ಒಂದು ಯುವಾನೂ ಖರ್ಚು ಮಾಡಿಲ್ಲ! ನಾಳೆ ಸಂಜೆಯೊಳಗೆ ಮೂವತ್ತು ಸಾವಿರ ಆಗದಿದ್ರೆ ಫೀಸು ಬೀಳತ್ತೆ. ಪರೀಕ್ಷೆ ಅಂದ್ರೆ ಪರೀಕ್ಷೆ ಮಾಡ್ಬೇಕಲ್ವಾ?"

ಮಹಾಪುರುಷರಿಗೆ ದಾರಿ ಹೊಳೆಯುವುದು ಇಂಥ ಇಕ್ಕಟ್ಟಿನಲ್ಲೇ. ಒಂದು ಕಡೆ ಉಪವಾಸ ಬಿದ್ದ ಬೀದಿ, ಇನ್ನೊಂದು ಕಡೆ ಹಸಿದ ಕಾರ್ಡು. ಬುನ್‌ತೆಕ್ ನೆಟ್ಟಗೆ ಅಕ್ಕಿ ಗಿರಣಿಗೆ ಹೋಗಿ ನಲವತ್ತು ಚೀಲ ಅಕ್ಕಿಗೆ ಕಾರ್ಡು ಉಜ್ಜಿದ. ಅಂಗಡಿಗೊಂದು ಚೀಲ. ಯಂತ್ರ ಕಿರ್ರೆಂದು ಚೀಟಿ ಉಗುಳಿದಾಗ ಅವನಿಗೆ ರೋಮಾಂಚನವಾಯಿತು.

ಮರುದಿನ ಬೆಳಿಗ್ಗೆ ಗಿರಣಿಯ ಲಾರಿ ಬೀದಿಗೆ ಬಂತು, ಚಾಲಕನ ಪಕ್ಕದಲ್ಲಿ ಬುನ್‌ತೆಕ್. ಪ್ರತಿ ಚೀಲಕ್ಕೂ ಗಿರಣಿಯವರು ಬಡವರಿಗೆ ಹಂಚುವ ಅಕ್ಕಿಗೆ ಕಟ್ಟುವ ಕೆಂಪು ಪಟ್ಟಿ ಕಟ್ಟಿದ್ದರು, "ಕಷ್ಟದಲ್ಲಿರುವ ಕುಟುಂಬಕ್ಕೆ, ಧೈರ್ಯವಾಗಿರಿ" ಎಂದು ಬರೆದು.

ಬೀದಿಗೆ ಬಾಯಲ್ಲಿ ಬಿಸಿ ತುಪ್ಪ ಬಿದ್ದಂತಾಯಿತು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಕ್ಕಿ ಬೇಡವೆಂದರೆ ತಾವು ಸ್ಥಿತಿವಂತರು ಎಂದು ಒಪ್ಪಿಕೊಂಡಂತೆ. ತೆಗೆದುಕೊಂಡರೆ ಊರೆಲ್ಲ ನೋಡುವಂತೆ ಭಿಕ್ಷೆ ಬೇಡಿದಂತೆ. ಸಾಲಿನಲ್ಲಿ ನಿಂತ ಗಿರಾಕಿಗಳು ಬೇರೆ ಅಯ್ಯೋ ಪಾಪ ಎನ್ನುತ್ತಿದ್ದರು. ಹೋದ ತಿಂಗಳಷ್ಟೇ ಮಗನಿಗೆ ಜರ್ಮನ್ ಕಾರು ಕೊಡಿಸಿದ್ದ ಹೌ ದೊಡ್ಡಪ್ಪ ಚೀಲವನ್ನು ಎರಡು ಕೈಯಲ್ಲಿ ಇಸಿದುಕೊಂಡು, ಹಲ್ಲು ಕಚ್ಚಿ, "ದೇವರು ಒಳ್ಳೇದು ಮಾಡ್ಲಿ," ಎಂದ. ಕಿಮ್‌ಚೂ ಅಳುವ ನಟನೆ ಮಾಡಲು ಹೋಗಿ ಸಿಟ್ಟಿಗೆ ನಿಜವಾಗಿಯೇ ಅತ್ತಳು.

ಆ ರಾತ್ರಿ ಸಂಘದವರು ಹೌ ದೊಡ್ಡಪ್ಪನ ಅಡುಗೆಮನೆಯಲ್ಲಿ ಗುಟ್ಟಾಗಿ ಸೇರಿದರು.

"ಪರೀಕ್ಷೆ ಮಾಡ್ತಿದಾನೆ ನಮ್ಮನ್ನ," ಎಂದಳು ಕಿಮ್‌ಚೂ. "ಅಕ್ಕಿ ಯಾರು ತಗೊಂಡ್ರು, ಯಾರು ಬಿಟ್ರು ಅಂತ ಪಟ್ಟಿ ಆಗತ್ತೆ. ಇಂಥೋನನ್ನ ಬೀದಿಯಲ್ಲಿ ಇಟ್ಕೊಂಡ್ರೆ ಉಳಿಗಾಲ ಇಲ್ಲ."

"ಸಂಘದಿಂದ ತೆಗೆದುಬಿಡೋಣ," ಎಂದ ನೂಡಲ್ಸಿನವನು. "ಡಬ್ಬಿಗೆ ಬೇರೆ ವ್ಯಾಪಾರಿ ಬರ್ತಾನೆ."

"ಅವನ ಮುಖ ನೋಡಿ ಹೇಳೋರು ಯಾರು?" ಎಂದು ತ್ಯಾಮ್‌ಹೊಕ್ ತಲೆ ತಗ್ಗಿಸಿದ.

"ಯಾರೂ ಹೇಳ್ಬೇಕಾಗಿಲ್ಲ," ಎಂದ ಹೌ ದೊಡ್ಡಪ್ಪ. "ಕೋಳಿ ಹೇಳತ್ತೆ."

ಹೊಸ ವರ್ಷದ ಹಬ್ಬಕ್ಕೆ ಮುಂಚೆ ಕೆಲಸಗಾರರಿಗೆ ಹಾಕಿಸುವ ವರ್ಷದ ಕೊನೆಯ ಊಟದಲ್ಲಿ ಯಜಮಾನನಾದವನು ಯಾರನ್ನಾದರೂ ಕೆಲಸದಿಂದ ತೆಗೆಯಬೇಕೆಂದಿದ್ದರೆ ಬಾಯಿ ಬಿಡುವುದಿಲ್ಲ. ಬೇಯಿಸಿದ ಇಡೀ ಕೋಳಿಯನ್ನು ತಟ್ಟೆಯಲ್ಲಿ ತಂದಿಟ್ಟಾಗ ಅದರ ತಲೆ ಯಾರ ಕಡೆಗಿರುತ್ತದೋ ಅವನು ತೆಪ್ಪಗೆ ಉಂಡು, ಮರುದಿನದಿಂದ ಬರಬಾರದು. ಹಳೆಯ ಪದ್ಧತಿ. ಬಯ್ಗುಳವಿಲ್ಲ, ಜಗಳವಿಲ್ಲ, ಹೊಟ್ಟೆಯೂ ತುಂಬಿರುತ್ತದೆ.

ಊಟದ ಸಂಜೆ ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿ, ನಡುವೆ ತಿರುಗುವ ಹಲಗೆಯಿದ್ದ ದುಂಡು ಮೇಜುಗಳನ್ನು ಇಟ್ಟಿದ್ದರು. ಬುನ್‌ತೆಕ್ ಮದುವೆಯ ಕೋಟು ಹಾಕಿಕೊಂಡು ಬಂದಿದ್ದ. ಅವನನ್ನು ಹೌ ದೊಡ್ಡಪ್ಪನ ಎದುರಿಗೇ ಕೂರಿಸಿದರು. ಕೋಳಿ ಬಂತು. ಅಧ್ಯಕ್ಷ ಹಲಗೆಯನ್ನು ಮೆಲ್ಲಗೆ ತಿರುಗಿಸಿದ. ಕೋಳಿಯ ತಲೆ ಬುನ್‌ತೆಕ್‌ನ ಎದೆಗೆ ಗುರಿಯಿಟ್ಟು ನಿಂತಿತು.

"ಛೆ ಛೆ, ಹಿರಿಯರು ಮೊದಲು," ಎಂದು ಬುನ್‌ತೆಕ್ ಹಲಗೆಯನ್ನು ತಿರುಗಿಸಿಬಿಟ್ಟ. ತಲೆ ಹೋಗಿ ಹೌ ದೊಡ್ಡಪ್ಪನ ಮುಂದೆ ನಿಂತಿತು.

ಮುದುಕ ಬೆಚ್ಚಿ ಹಲಗೆ ನೂಕಿದ. ತಲೆ ಕಿಮ್‌ಚೂ ಕಡೆ ಬಂತು. "ಅಯ್ಯಯ್ಯೋ, ನನ್ನ ಕಡೆ ಯಾಕೆ!" ಎಂದು ಅವಳು ಎರಡೂ ಕೈಯಲ್ಲಿ ತಳ್ಳಿದಳು. ನೂಡಲ್ಸಿನವನು ತಳ್ಳಿದ. ಕೋಳಿ ಗಿರಗಿರನೆ ಸುತ್ತಿ, ಸಾರು ನಾಲ್ಕು ದಿಕ್ಕಿಗೆ ಸಿಡಿದು, ಕೊನೆಗೆ ಸುಸ್ತಾಗಿ ಮತ್ತೆ ಬುನ್‌ತೆಕ್‌ನ ಮುಂದೆಯೇ ನಿಂತಿತು.

ಆಗ ಅವನಿಗೆ ಅರ್ಥವಾಯಿತು. ಅವನ ಮುಖ ಬಾಡಿತು. ಆದರೂ ಎದ್ದು ನಿಂತ, ಏಕೆಂದರೆ ವರದಿ ಒಪ್ಪಿಸಬೇಕಿತ್ತು.

"ನನ್ನನ್ನ ತೆಗೀತಿದೀರಿ ಅಂತ ಗೊತ್ತಾಯ್ತು. ತೆಗೀರಿ. ಮೊದಲು ಕಾರ್ಡಿನ ವಿಷ್ಯ ಹೇಳ್ಬಿಡ್ತೀನಿ. ಬ್ಯಾಂಕಿನೋರು ಒಂದು ಕಾರ್ಡು ಕೊಟ್ಟಿದ್ರು, ಖರ್ಚು ಮಾಡಿದ್ರೆ ದುಡ್ಡು ವಾಪಸ್ ಬರೋದು. ನಮ್ಮ ಬೀದಿಗೆ ಒಗ್ಗತ್ತಾ ಅಂತ ನೋಡೋಣ ಅಂತ ನಿಮ್ಮನ್ನೆಲ್ಲ ವ್ಯಾಪಾರ ಕೇಳ್ದೆ. ಮೂವತ್ತು ವರ್ಷ ನಿಮಗೆ ಡಬ್ಬಿ ಮಾರಿ ಹೊಟ್ಟೆ ಹೊರ್ಕೊಂಡಿದೀನಿ, ನಿಮ್ಮ ಕಷ್ಟ ನಂಗೆ ಗೊತ್ತೇ ಇರ್ಲಿಲ್ಲ. ದಿನಕ್ಕೆ ಎರಡು ಬಟ್ಟಲು ಮಾರೋನು ನಂಗೆ ಇಡೀ ಬಾತುಕೋಳಿ ಕೊಟ್ಟ. ಮೂರು ಡಬ್ಬಿ ಮಾರೋಳು ದಿನಾ ಬುಟ್ಟಿ ಹಣ್ಣು ಇಟ್ಲು. ನಾಚಿಕೆ ಆಯ್ತು. ಅಕ್ಕಿ ದಾನ ಅಲ್ಲ, ನಿಮ್ಮ ಅನ್ನ ತಿಂದಿದ್ದಕ್ಕೆ ತಂದೆ. ಅಷ್ಟೇ."

ನೂಡಲ್ಸಿನವನು ಹಲಗೆಗೆ ಕೈ ಹಾಕಿ ಕೋಳಿಯ ತಲೆಯನ್ನು ಬುನ್‌ತೆಕ್‌ನ ಮುಂದಿನಿಂದ ಮೆಲ್ಲಗೆ ಆಚೆ ತಿರುಗಿಸಿದ.

"ಅಂದ್ರೆ ನೀನು ತೆರಿಗೆ ಆಫೀಸಿನೋರ ಕಡೆಯೋನಲ್ವಾ?" ಎಂದ ಹೌ ದೊಡ್ಡಪ್ಪ.

"ತೆರಿಗೆ ಆಫೀಸು?" ಬುನ್‌ತೆಕ್ ಕಣ್ಣು ಬಿಟ್ಟ.

"ಇವನಾ?" ಎಂದು ಹಿಂದಿನ ಮೇಜಿನಿಂದ ಲೀಹುವಾ ಎದ್ದಳು. "ಇವನಿಗೆ ಚಿಲ್ಲರೆ ಎಣಿಸೋಕೆ ಬರಲ್ಲ. ಇವನನ್ನ ಇಟ್ಕೊಂಡ್ರೆ ಸರ್ಕಾರ ದಿವಾಳಿ ಆಗತ್ತೆ!"

ತ್ಯಾಮ್‌ಹೊಕ್ ಮೇಜಿಗೆ ಗುದ್ದಿದ. ಅವನ ಕಣ್ಣಲ್ಲಿ ನೀರಿತ್ತು, ದನಿಯಲ್ಲಿ ಬೆಂಕಿಯಿತ್ತು.

"ಲೋ ಮಂಕೇ! ಈ ತ್ಯಾಮ್‌ಹೊಕ್ ಉಪವಾಸ ಇದಾನೆ ಅಂತ ನಂಬಿದ್ಯೇನೋ? ದಿನಕ್ಕೆ ಮುನ್ನೂರು ಊಟ ಮಾರ್ತೀನಿ ಕಣೋ ನಾನು! ಭಾನುವಾರ ಆರುನೂರು!"

"ಆರುನೂರು ಒಂದು ಲೆಕ್ಕವೇ?" ಎಂದು ಕಿಮ್‌ಚೂ ಎದ್ದಳು. "ಹಬ್ಬದ ದಿನ ನನ್ನ ಸೀಬೆಹಣ್ಣಿಗೆ ಪೊಲೀಸಿನೋರು ಬಂದು ಸಾಲು ಸರಿ ಮಾಡ್ತಾರೆ!"

"ನನ್ನ ಸಾರಿಗೆ ತೈಪೆಯಿಂದ ಬರ್ತಾರೆ!" ಎಂದು ಹೌ ದೊಡ್ಡಪ್ಪ ಕೂಗಿದ. ತಿಂಗಳಿಡೀ ಬಡತನ ನಟಿಸಿ ಬೇಸತ್ತ ಬೀದಿ ಕಟ್ಟೆಯೊಡೆದು ಬಡಾಯಿ ಕೊಚ್ಚತೊಡಗಿತು. ಸೋಯಾ ಹಾಲಿನವಳಂತೂ ತನ್ನ ಎರಡನೇ ಮನೆಯ ವಿಷಯವನ್ನೂ ಹೇಳಿಬಿಟ್ಟಳು.

"ಮೆಲ್ಲಗ್ರೋ!" ಎಂದಳು ಲೀಹುವಾ. "ಶಾಮಿಯಾನಕ್ಕೆ ಗೋಡೆ ಇಲ್ಲ!"

ಎಲ್ಲರೂ ಒಮ್ಮೆ ಬೀದಿಯ ಆಚೀಚೆ ನೋಡಿ, ಕುಳಿತು, ಪಿಸುಮಾತಿನಲ್ಲಿ ಬಡಾಯಿ ಮುಂದುವರಿಸಿದರು. ಮುನ್ನೂರು ಊಟಕ್ಕೆ ಮುನ್ನೂರು ಡಬ್ಬಿ ಬೇಕಲ್ಲ, ಹಬ್ಬಕ್ಕೆ ಎಲ್ಲಿದೆ ಡಬ್ಬಿ ಎಂಬ ಮಾತು ಆಮೇಲೆ ತಾನಾಗಿಯೇ ಬಂತು. ಲೀಹುವಾ ಪ್ರತಿ ಮೇಜಿಗೂ ಹೋಗಿ ಆರ್ಡರು ತೆಗೆದುಕೊಂಡಳು. ಊಟ ಮುಗಿಯುವುದರೊಳಗೆ ಮಾಳಿಗೆ ಖಾಲಿಯಾಗಿತ್ತು.

ಹೌ ದೊಡ್ಡಪ್ಪ ಕೋಳಿಯ ತಲೆಯನ್ನು ಲಟಕ್ಕನೆ ಮುರಿದು ತನ್ನ ಬಾಯಿಗೇ ಹಾಕಿಕೊಂಡ. ಅದು ಕ್ಷಮಾಪಣೆ. ಅಗಿಯುತ್ತಲೇ ಕೇಳಿದ, "ಅದ್ಸರಿ, ಕಾರ್ಡು ಹೇಗಿದೆ?"

"ಬಹಳ ಚೆನ್ನಾಗಿದೆ ದೊಡ್ಡಪ್ಪಾ," ಎಂದ ಬುನ್‌ತೆಕ್, ಎದೆ ಉಬ್ಬಿಸಿ. "ನಲವತ್ತು ಚೀಲ ಅಕ್ಕಿ ಕೊಂಡ್ರೆ ಒಂದು ಚೀಲದ ದುಡ್ಡು ವಾಪಸ್ಸು ಬರತ್ತೆ!"

ಸಂಘ ಒಂದು ನಿಮಿಷ ಯೋಚಿಸಿ, ಕಾರ್ಡು ಬೇಡವೆಂದು ಸರ್ವಾನುಮತದಿಂದ ತೀರ್ಮಾನಿಸಿತು.

ಮರುದಿನ ಮಧ್ಯಾಹ್ನ ಬುನ್‌ತೆಕ್ ಮುನ್ನೂರು ಡಬ್ಬಿ ಹೊತ್ತುಕೊಂಡು ತ್ಯಾಮ್‌ಹೊಕ್‌ನ ಅಂಗಡಿಗೆ ಹೋದ. ಎಂದಿನ ಜಾಗದಲ್ಲಿ ಕುಳಿತು ಉಂಡ. ಚದುರಂಗದಲ್ಲಿ ಸೋತ, ಬಯ್ಗುಳ ತಿಂದ. ಕೈತೊಳೆದು ಹೊರಡುವಾಗ ತ್ಯಾಮ್‌ಹೊಕ್ ಅಂಗೈ ಚಾಚಿದ.

"ಲೋ, ಎಲ್ಲಿಗೆ ಹೊರಟೆ? ಅರವತ್ತು ಯುವಾನ್ ಇಡು. ಬಿಟ್ಟಿ ಊಟ ನಿನ್ನೆಗೆ ಮುಗೀತು."

ತಿಂಗಳಿಂದ ಒಬ್ಬರೂ ಬುನ್‌ತೆಕ್‌ನನ್ನು ದುಡ್ಡು ಕೇಳಿರಲಿಲ್ಲ. ಅರವತ್ತರ ಜಾಗದಲ್ಲಿ ನೂರು ಕೊಟ್ಟು ತಬ್ಬಿಕೊಳ್ಳಬೇಕೆನ್ನಿಸಿತು. ಆದರೆ ಅವನೂ ವ್ಯಾಪಾರಿ, ಕೈ ತಾನಾಗಿ ಒಳಜೇಬಿಗೆ ಹೋಯಿತು.

"ಕಾರ್ಡು ನಡೆಯತ್ತೇನೋ?"

"ಸೌಟು ನಡೆಯತ್ತೆ," ಎಂದ ತ್ಯಾಮ್‌ಹೊಕ್, ಅನ್ನದ ಪಾತ್ರೆಗೆ ಕೈ ಹಾಕುತ್ತ. "ತಲೆ ಬಗ್ಗಿಸು."